ಮಾವನ ಗಾಡಿ, ಬಸ್ಸಿನ ಗಾಳಿ

ರೇವಪ್ಪನವರು ಅಳಿಯ ಶಿವಕಾಂತನನ್ನು ಒಮ್ಮೆಯೂ ಏಕವಚನದಲ್ಲಿ ಮಾತಾಡಿಸಿದವರಲ್ಲ. “ಬರ್ರಿ ಅಳಿಯಂದ್ರ” ಎಂದು ತುಂಬು ಮರ್ಯಾದೆಯಿಂದ ಕರೆದು, ಪ್ರತಿ ಭಾನುವಾರ ಅವನ ಬೆನ್ನ ಮೇಲೆ ತೊಗರಿಬೇಳೆಯ ಚೀಲ ಹೇರುತ್ತಿದ್ದರು. ಬೀದರಿನಿಂದ ಬಂದು ಮರಾಠಿ ಸೀಮೆಯ ಸಂಭಾಜಿನಗರದಲ್ಲಿ, ಮೋಂಢಾ ಎಂಬ ಧಾನ್ಯದ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟವರು ಅವರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಶಿವಕಾಂತನಿಗೆ ವಾರಕ್ಕೆ ಇದ್ದದ್ದು ಅದೊಂದೇ ರಜೆ.

ಅಷ್ಟರಲ್ಲಿ ಬಿಡಕಿನ್ ಬಯಲಿನಲ್ಲಿ ಪಿಕಪ್ ಎಳೆತದ ಸ್ಪರ್ಧೆ ಎಂದು ಸುದ್ದಿಯಾಯಿತು. ಗಾಲಿಯಿಲ್ಲದ ಕಬ್ಬಿಣದ ಜಾರುಬಂಡಿಯನ್ನು ಪಿಕಪ್ಪಿಗೆ ಕಟ್ಟಿ ಎಳೆಯಬೇಕು. ಎಳೆದಂತೆಲ್ಲ ಅದರ ಮೇಲಿನ ತೂಕ ಮುಂದಕ್ಕೆ ಸರಿದು ಗಾಡಿಯ ಹಿಂಭಾಗವನ್ನು ಅದುಮುತ್ತದೆ. ಕೊನೆಯ ಬಾವುಟದ ತನಕ ನಿಲ್ಲದೆ ಎಳೆದವನಿಗಷ್ಟೇ ಗೆಲುವು.

“ಮಾವಾ, ನಿಮ್ಮ ಪಿಕಪ್ ಕೊಡ್ರಿ. ಗೆದ್ರ ನನ್ನ ಐತ್ವಾರ ನನಗ ಬಿಡ್ಬೇಕು.”

“ಆಗಲ್ರಿ ಅಳಿಯಂದ್ರ. ಸೋತ್ರ ಈ ಮಾತು ಮತ್ತ ಎತ್ತಬ್ಯಾಡ್ರಿ. ಚೀಲ ಎತ್ರಿ.”

ಗಾಡಿ ಕೈಗೆ ಸಿಕ್ಕಿದ್ದೇ ಶಿವಕಾಂತ ಅದರ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಬಿಚ್ಚಿಹಾಕಿದ. ಗುಜರಿಯಿಂದ ಹಳೇ ಲಕ್ಸುರಿ ಬಸ್ಸಿನ ರಬ್ಬರ್ ಗಾಳಿಚೀಲಗಳನ್ನು ತಂದು ಆ ಜಾಗಕ್ಕೆ ಕೂರಿಸಿದ. ಕಂಪ್ರೆಸರ್, ಟ್ಯಾಂಕು, ಪೈಪು ಜೋಡಿಸಿದ. ವಾಲ್ವಿನ ಹಿಡಿ ಮೇಲೆತ್ತಿದರೆ ಚೀಲ ಉಬ್ಬಿ ಗಾಡಿಯ ಹಿಂಭಾಗ ಏಳಬೇಕು, ಕೆಳಗೊತ್ತಿದರೆ ಗಾಳಿ ಹೋಗಿ ಇಳಿಯಬೇಕು. ಆ ಹಿಡಿಯನ್ನು ಡ್ರೈವರ್ ಪಕ್ಕದ ಸೀಟಿನ ಹತ್ತಿರ ಇಡಿಸಿದವನು ಪಕ್ಕದ ಮನೆಯ ಭುಜಂಗ. ಅವನೂ ಬೀದರಿನವನೇ, ಕರೆಯದಿದ್ದರೂ ಬರುವವನು.

“ಓಡ್ಸೂದು ನೀ, ಹವಾ ಹಾಕೂದು ನಾ. ಮೊದಲ ಹಿಂದ ಕೂತು ನೋಡ್ತೀನಿ ತಡಿ,” ಎಂದು ಸ್ಪರ್ಧೆಯ ದಿನ ಬೆಳಿಗ್ಗೆ ಭುಜಂಗ ಚಹಾದ ಕಪ್ಪು ಹಿಡಿದೇ ತಗ್ಗು ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ಹಿಂದಿನ ತೊಟ್ಟಿ ಹತ್ತಿ ಕೂತ.

ಶಿವಕಾಂತ ಹಿಡಿ ಎತ್ತಿದ. ಗಾಡಿಯ ಹಿಂಭಾಗ ಉಬ್ಬಿದ ಪೂರಿಯಂತೆ ಮೇಲೆದ್ದಿತು. ಭುಜಂಗ “ಬಸ್! ಸಾಕೋ, ಬಸ್!” ಎಂದು ಕಿರುಚಿದ್ದು ಕಂಪ್ರೆಸರಿನ ಗದ್ದಲದಲ್ಲಿ ಕೇಳಿಸಲಿಲ್ಲ. ಅವನ ತಲೆ ಶೆಡ್ಡಿನ ತಗಡಿಗೆ ಬಡಿದದ್ದು ಮಾತ್ರ ಓಣಿಗೆಲ್ಲ ಕೇಳಿಸಿತು.

ಅವನ ಹೆಂಡತಿ ಪ್ರೇಮಾಬಾಯಿ ಓಡಿಬಂದು ತಲೆಯ ಮೇಲೆ ಎದ್ದ ಬುಗುಟಿ ನೋಡಿದಳು. “ಇವ್ರು ಎಲ್ಲಿಗೂ ಬರಂಗಿಲ್ರಿ,” ಎಂದು ಗಂಡನನ್ನು ಒಳಗೆ ಎಳೆದುಕೊಂಡು ಹೋದಳು. ಆವತ್ತಿನ ಮೊದಲ ಎಳೆತದಲ್ಲಿ ಗೆದ್ದವಳು ಅವಳೇ.

ಹಿಡಿ ಹಿಡಿಯಲು ಶಿವಕಾಂತ ಕಾರ್ಖಾನೆಯ ಗೆಳೆಯ ಅತುಲ್‌ನನ್ನು ಕರೆದ. ಅತುಲ್‌ಗೆ ಕನ್ನಡ ಬಾರದು. ದಾರಿಯುದ್ದಕ್ಕೂ ಶಿವಕಾಂತ ಅವನಿಗೆ ಮರಾಠಿಯಲ್ಲೇ ಪಾಠ ಹೇಳಿದ. “ಊಠ್” ಅಂದರೆ ಏಳು, ಗಾಳಿ ತುಂಬಬೇಕು. “ಬಸ್” ಅಂದರೆ ಕೂರು, ಗಾಳಿ ಬಿಡಬೇಕು. ಅತುಲ್ ಅದನ್ನೇ ಜಪಿಸುತ್ತಾ ಬಂದ.

ಬಯಲಿನಲ್ಲಿ ಜನವೋ ಜನ. ರೇವಪ್ಪನವರು ಮುಂದಿನ ಸಾಲಿನಲ್ಲೇ ಕೊಡೆ ಹಿಡಿದು ನಿಂತಿದ್ದರು. ಜಾರುಬಂಡಿಯ ಸರಪಳಿ ಸಿಕ್ಕಿಸುವಾಗ ಶಿವಕಾಂತ “ಬಸ್” ಅಂದ, ಗಾಡಿ ಕೂತಿತು. “ಊಠ್” ಅಂದ, ಎದ್ದಿತು. ಜನ ಸಿಳ್ಳೆ ಹೊಡೆದರು. ಶಿವಕಾಂತನಿಗೆ ಮುಂದಿನ ಭಾನುವಾರದ ಮಧ್ಯಾಹ್ನದ ನಿದ್ದೆ ಈಗಲೇ ಕಣ್ಣಿಗೆ ಕಟ್ಟಿತು.

ಎಳೆತ ಶುರುವಾಯಿತು. ತೂಕ ಹಿಂದಿನಿಂದ ಅದುಮಿತು. “ಊಠ್! ಊಠ್!” ಅತುಲ್ ಹಿಡಿ ಎತ್ತೇ ಎತ್ತಿದ. ಉಳಿದವರು ಎಳೆದು ನಿಂತ ಗುರುತುಗಳೆಲ್ಲ ಹಿಂದೆ ಬಿದ್ದವು. ಗೆಲುವಿನ ಬಾವುಟ ಇನ್ನೇನು ಬಂತು ಎನ್ನುವಾಗ ಹಿಂಭಾಗ ಅತಿಯಾಗಿ ಏರಿ, ಕೆಳಗೆ ಶಾಫ್ಟು ಕಟಕಟ ಎನ್ನತೊಡಗಿತು. ಶಿವಕಾಂತನಿಗೆ ಜೀವ ಬಾಯಿಗೆ ಬಂತು. ಮನುಷ್ಯ ಗಾಬರಿಯಾದಾಗ ಬರುವುದು ತಾಯಿಯ ಭಾಷೆಯೇ ತಾನೇ.

“ಬಸ್! ಬಸ್! ಬಸ್ಸೋ!” ಎಂದು ಬೀದರಿನ ಗಂಟಲಿನಲ್ಲಿ ಕೂಗಿದ.

ಅತುಲ್ ಒಳ್ಳೆಯ ವಿದ್ಯಾರ್ಥಿ. ಹಿಡಿಯನ್ನು ತಳ ಮುಟ್ಟುವ ತನಕ ಒತ್ತಿದ. ‘ಫುಸ್ಸ್’ ಎಂದು ಗಾಡಿ ಟೈರುಗಳ ಮೇಲೆಯೇ ಕೂತು, ಅಲ್ಲೇ ನಿಂತುಬಿಟ್ಟಿತು. ಬಾವುಟ ಕೈಗೆ ಎಟಕುವಷ್ಟು ದೂರದಲ್ಲಿ ಪಟಪಟಿಸುತ್ತಿತ್ತು.

“ಬಸ್ ಅಂದ್ರ ಸಾಕು ಅಂದದ್ದಲೇ ನಾ!” ಎಂದು ಶಿವಕಾಂತ ಹಣೆ ಚಚ್ಚಿಕೊಂಡ.

“ತೂಚ್ ಬಸ್ ಮ್ಹಣಾಲಾಸ್!” ಅಂದ ಅತುಲ್. ‘ಬಸ್’ ಎಂದು ಹೇಳಿದವನು ನೀನೇ ಅಲ್ಲವೇ ಎಂದು ಒತ್ತಿದ ಹಿಡಿಯನ್ನು ತೋರಿಸಿದ.

ಸೋತ ಗಾಡಿಯನ್ನು ಮತ್ತೆ ಎಬ್ಬಿಸಿ ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ರೇವಪ್ಪನವರು ಬಂದರು. ಸ್ಪ್ರಿಂಗ್ ಪಟ್ಟಿ ಇದ್ದ ಜಾಗವನ್ನು ಬಗ್ಗಿ ನೋಡಿದರು. ಶಿವಕಾಂತ ಬೈಗುಳಕ್ಕೆ ತಲೆ ತಗ್ಗಿಸಿದ. ಆದರೆ ಮಾವನ ಮುಖ ಹಬ್ಬದ ಹಾಗೆ ಅರಳಿತ್ತು.

“ಇದು ಹಿಂಗ ಕುಂದರ್ತದ ಅಂತ ಮೊದಲ ಯಾಕ ಹೇಳ್ಲಿಲ್ರಿ? ನೆಲಕ್ಕ ಕೂತ ಗಾಡಿಗಿ ಚೀಲ ಎತ್ತೂದೆಲ್ಲಿ ಬಂತು, ಉಳ್ಳಿಸಿ ಒಳಗ ದಬ್ಬಿದ್ರಾತು! ನಾಳಿಂದ ಹಮಾಲರು ಬ್ಯಾಡ. ದಿನಾ ಮುಂಜಾನಿ ಡ್ಯೂಟಿಗಿ ಹೋಗೂಕಿಂತ ಮೊದಲ ಬಂದು ಗಾಡಿ ಕುಂದ್ರಸ್ರಿ, ಚೀಲ ಉಳ್ಳಸ್ರಿ, ಎಬ್ಬಿಸಿ ಹೋಗ್ರಿ.”

“ದಿನಾನಾ? ಮಾವಾ, ಐತ್ವಾರ...”

“ಐತ್ವಾರ ಅಂತೂ ಅದ ಅದ. ಸಂಜಿಗಿನೂ ಒಮ್ಮಿ ಬಂದ್ರ...”

ಶಿವಕಾಂತ ಎರಡೂ ಕೈ ಮುಗಿದು ಕೂಗಿದ: “ಬಸ್ ಮಾವಾ, ಬಸ್!”

ಬೆನ್ನ ಹಿಂದೆ ‘ಫುಸ್ಸ್’ ಎಂದಿತು. ಹಿಡಿ ಬಿಡದೆ ಕೂತಿದ್ದ ಅತುಲ್ ಗಾಡಿಯನ್ನು ವಿಧೇಯವಾಗಿ ನೆಲಕ್ಕಿಳಿಸಿದ್ದ.

ರೇವಪ್ಪನವರು ಕೊಡೆ ಕಂಕುಳಲ್ಲಿ ಸಿಕ್ಕಿಸಿ ಚಪ್ಪಾಳೆ ತಟ್ಟಿದರು. “ನೋಡ್ರಿ ಅಳಿಯಂದ್ರ, ಗಾಡಿ ನಿಮ್ಮ ಮಾತು ಎಷ್ಟ್ ಛಂದ ಕೇಳ್ತದ! ಈ ಕೆಲಸ ಮತ್ತ್ಯಾರ ಕೈಲೂ ಆಗಂಗಿಲ್ಲ ಬಿಡ್ರಿ.”