ಅಷ್ಟೋತ್ತರದಲ್ಲಿ ಹೆಪ್ಪುಗಟ್ಟಿದ ರಕ್ತ

ರಕ್ತ ಹೆಪ್ಪುಗಟ್ಟುವುದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿ, ಆಮೇಲೆ ಬಯೋಕೆಮಿಸ್ಟ್ರಿ ಪಾಠ ಹೇಳಲು ವಿಶ್ವವಿದ್ಯಾಲಯ ಸೇರಿದವಳು ನಾನು. ಗಾಜಿನ ಕೊಳವೆಯನ್ನು ಆಗಾಗ ಮೆಲ್ಲಗೆ ಓರೆ ಮಾಡಿ, ರಕ್ತ ಗಟ್ಟಿಯಾಯಿತೇ ಎಂದು ಕಾಯುವುದೇ ಆ ಕೆಲಸ. ಕಾಯುತ್ತ ಕಾಯುತ್ತ ಮನಸ್ಸು ಭಗವಂತನ ಕಡೆ ತೇಲಿಹೋಗುತ್ತದೆ, ಕೈ ಮಾತ್ರ ಇಲ್ಲೇ ಉಳಿಯುತ್ತದೆ. ಹಾಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ. ಇಲ್ಲಿ ಹೇಳುವ ಮೂರು ಪ್ರಸಂಗಗಳೂ ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂದಿದ್ದಾಗ ನಡೆದವು.

ಮೊಸರು

ಹಲಸೂರಿನ ಮನೆಯಲ್ಲಿ ಅತ್ತೆ ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟಿದ್ದರು. ನಾನು ಸ್ತೋತ್ರ ಗುನುಗುತ್ತ, ಆ ಕಡೆ ಹೋದಾಗಲೆಲ್ಲ ಪಾತ್ರೆಯನ್ನು ಓರೆ ಮಾಡಿ ನೋಡುತ್ತಿದ್ದೆ. ಸಂಜೆಯಾದರೂ ನೀರುನೀರು.

"ಮಗು ಮಲಗಿದ್ಯಾ ಅಂತ ಎಬ್ಬಿಸಿ ಎಬ್ಬಿಸಿ ಕೇಳಿದ್ರೆ ಅದು ಯಾವಾಗಮ್ಮ ಮಲಗೋದು?" ಎಂದರು ಅತ್ತೆ.

ನಾಮ

ಗಡಿಯಾರ ನೋಡಿದರೆ ಕೊಳವೆಯಿಂದ ಕಣ್ಣು ತಪ್ಪುತ್ತದೆ. ಅದಕ್ಕೇ ನಾನು ಅಷ್ಟೋತ್ತರದ ನಾಮ ಎಣಿಸಿ ಹೊತ್ತು ಅಳೆಯುತ್ತಿದ್ದೆ. ವಿದ್ಯಾರ್ಥಿಗಳೂ ಕಲಿತರು. ಶಿವಾಜಿನಗರದ ಹುಡುಗಿ ತಸ್ಬೀ ಮಣಿ ಎಣಿಸಿದಳು, ಫ್ರೇಜರ್ ಟೌನಿನವಳು ಜಪಸರ ಹಿಡಿದಳು. ಕೆ.ಆರ್. ಪುರದ ಹುಡುಗನೊಬ್ಬ ಸುಮ್ಮನೆ ನಿಂತಿದ್ದ.

"ನಂಗೆ ಯಾವುದರಲ್ಲೂ ನಂಬಿಕೆ ಇಲ್ಲ ಮೇಡಂ."

"ಮಗ್ಗಿ ಹೇಳ್ಕೊಳಪ್ಪ."

"ಅದರ ಮೇಲೂ ನಂಬಿಕೆ ಇಲ್ಲ ಮೇಡಂ."

ಪರೀಕ್ಷೆ

ನನ್ನನ್ನು ಖಾಯಂ ಮಾಡಬಹುದೇ ಎಂದು ನೋಡಲು ಹಿರಿಯ ಪ್ರೊಫೆಸರೊಬ್ಬರು ಬಂದರು. ಪಾಠ ಚೆನ್ನಾಗಿಯೇ ಆಯಿತು. ಇನ್ನು ಪ್ರಯೋಗ. ರಕ್ತ ಕೊಡಬೇಕಿದ್ದ ನಮ್ಮ ವಿಭಾಗದ ಮುಖ್ಯಸ್ಥರು ಸೂಜಿ ಕಂಡು ಹಿಂದೆ ಸರಿದರು. ಪ್ರೊಫೆಸರೇ ಅಂಗಿಯ ತೋಳು ಮಡಚಿ ಕೈ ಚಾಚಿದರು.

ಬೆಚ್ಚನೆ ನೀರಿನಲ್ಲಿ ಕೊಳವೆ. ಕಿಟಕಿಯಲ್ಲಿ ಎಳೆಬಿಸಿಲು, ದೂರದಲ್ಲಿ ಗುಡಿಯ ಗಂಟೆ. ನಾಮ ಎಣಿಸುತ್ತಿದ್ದವಳಿಗೆ ಯಾವಾಗ ಕಣ್ಣು ಮುಚ್ಚಿತೋ, ಸ್ವಾಮಿಯ ಪಾದದ ಹತ್ತಿರ ಯಾವಾಗ ಹೋಗಿ ಕುಳಿತೆನೋ ತಿಳಿಯದು. ಕಣ್ಣು ಬಿಟ್ಟಾಗ ಪ್ರೊಫೆಸರು ತೋಳಿನ ಹತ್ತಿಯನ್ನು ಒತ್ತಿಕೊಂಡು, ನನ್ನ ತುಟಿಗಳನ್ನೇ ನೋಡುತ್ತ ಬೆವರುತ್ತಿದ್ದರು.

"ಏನಿದ್ರೂ ಹೇಳ್ಬಿಡಿ ಮೇಡಂ. ನೀವು ಪ್ರಾರ್ಥನೆ ಮಾಡೋ ಮಟ್ಟಕ್ಕೆ ಬಂದ್ಬಿಟ್ಟಿದ್ಯಾ ನನ್ನ ರಕ್ತ?"

ಕೊಳವೆಯನ್ನು ತಲೆಕೆಳಗೆ ಮಾಡಿದೆ. ಒಂದು ಹನಿಯೂ ಬೀಳಲಿಲ್ಲ. "ಗಟ್ಟಿಯಾಗಿದೆ ಸರ್."

"ಎಷ್ಟು ಹೊತ್ತಿಗೆ ಆಯ್ತು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ಲ ಸರ್. ನಾನು ಇಲ್ಲಿ ಇರ್ಲಿಲ್ಲ."

"ನಾನಿದ್ದೆ ಕಣಮ್ಮಾ. ಒಂದು ಯುಗ ಆಯ್ತು."

ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ಬೆವರು ಒರೆಸಿಕೊಂಡು ಮುಖ್ಯಸ್ಥರ ಕಡೆ ತಿರುಗಿದರು.

"ಪಾಠ ಚೆನ್ನಾಗಿ ಹೇಳ್ತಾರ್ರೀ, ಖಾಯಂ ಮಾಡಿ. ಆದ್ರೆ ಮುಂದಿನ ಸಲ ರಕ್ತ ನೀವು ಕೊಡಿ."