ಡಬಲ್ ಬೇಸ್ ಹಿಡಿಯುವ ಬಗೆ

ಮುನಿರಾಜುವಿನ ಫಜೀತಿಗೆಲ್ಲ ಕಾರಣ ಒಂದೇ ಒಂದು ಮಾತು. ಬಂಗಾರಪೇಟೆಯ ಖಾಸಗಿ ಶಾಲೆಯಲ್ಲಿ ಸಂಗೀತದ ಮೇಷ್ಟ್ರ ಕೆಲಸಕ್ಕೆ ಹೋದಾಗ ಮುಖ್ಯೋಪಾಧ್ಯಾಯಿನಿ ಕವಿತ ಮೇಡಂ, "ಯಾವ್ಯಾವ ವಾದ್ಯ ಬರುತ್ತೆ?" ಎಂದು ಕೇಳಿದ್ದರು. ಬರುತ್ತಿದ್ದದ್ದು ಗಿಟಾರ್ ಒಂದೇ. "ತಂತಿ ಇರೋದೆಲ್ಲ ಬರುತ್ತೆ ಮೇಡಂ" ಎಂದುಬಿಟ್ಟ. ಎರಡು ವರ್ಷ ಆ ಮಾತು ಸುಮ್ಮನೆ ಬಿದ್ದಿತ್ತು.

ಮೊನ್ನೆ ಕೆಜಿಎಫ್‌ನಲ್ಲೇ ಹುಟ್ಟಿ ಈಗ ಬೆಂಗಳೂರಿನಲ್ಲಿರುವ ವೃದ್ಧೆಯೊಬ್ಬರು ತಮ್ಮ ತಂದೆಯ ಡಬಲ್ ಬೇಸನ್ನು ಶಾಲೆಗೆ ದಾನ ಕೊಟ್ಟರು. ನೋಡಲು ಪಿಟೀಲಿನಂತೆಯೇ, ಎತ್ತರ ಮಾತ್ರ ಮುನಿರಾಜುವಿಗಿಂತ ಒಂದು ಗೇಣು ಹೆಚ್ಚು. ನಿಂತು ನುಡಿಸಬೇಕು. "ಇವತ್ತು ನಾಲ್ಕು ಗಂಟೆಗೆ ಅವರು ಬರ್ತಾರೆ. ನೀವು ನುಡಿಸಿ, ಹೇಗೆ ಕಲಿಸ್ತೀರಿ ಅಂತಾನೂ ತೋರಿಸಿ. ಅವರು ಒಪ್ಪಿದ್ರೆ ನಿಮ್ಮ ಕೆಲಸ ಖಾಯಂ. ಇಲ್ದಿದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಎಂದು ಕವಿತ ಮೇಡಂ ಬೆಳ್ಳಂಬೆಳಿಗ್ಗೆ ಫೋನಿನಲ್ಲಿ ಹೇಳಿದರು. ವಾದ್ಯವನ್ನು ಹಿಂದಿನ ಸಂಜೆಯೇ ಅವನ ಮನೆಗೆ ಸಾಗಹಾಕಿದ್ದರು.

ಮನೆ ಎಂದರೆ ಕೆಜಿಎಫ್‌ನ ಊರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆ. ಒಂದು ಗೋಡೆಗೆ ಎರಡು ಸಂಸಾರ. ಬೆಳಿಗ್ಗೆ ಏಳಕ್ಕೆ ಮುನಿರಾಜು ದೇವರಿಗೆ ಕೈಮುಗಿದು, ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಕಮಾನು ಎಳೆದ. ಸಂಗೀತವೇನೂ ಹುಟ್ಟಲಿಲ್ಲ. ಗೋಡೆ ಗುಂಯ್ ಎಂದಿತು, ಪಕ್ಕದ ಮನೆಯ ಅಟ್ಟದ ಮೇಲಿನ ಪಾತ್ರೆಗಳು ಗಡಗಡ ನಡುಗಿದವು.

ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಆದರೂ ಪಾತ್ರೆ ನಡುಗಿದರೆ ನೆಲದಡಿಯಲ್ಲಿ ಬಂಡೆ ಸಿಡಿಯಿತೆಂದು ಹೊರಗೆ ಓಡುವುದು ಆ ಲೈನಿನವರ ಕಾಲಿಗೆ ಅಂಟಿದ ಅಭ್ಯಾಸ. ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಗ್ಯಾಸ್ ಆರಿಸಿ, ಅರ್ಧ ಬೆಂದ ದೋಸೆಯ ಕಾವಲಿ ಸಮೇತ ಬೀದಿಗೆ ಬಂದಳು. ಅವಳ ಹಿಂದೆ ಇಡೀ ಲೈನು.

"ರೀ, ನಿಲ್ಸಿ! ಬೀದಿ ತುಂಬ ಜನ!" ಎಂದು ಹೆಂಡತಿ ಪುಷ್ಪ ಕೂಗಿದಳು.

ವಿಷಯ ತಿಳಿದ ಮೇಲೆ ಮೊದಲು ಬೈಗಳು ಬಂದವು, ಆಮೇಲೆ ಸಲಹೆಗಳು. ಬೈಗಳೇ ವಾಸಿಯಿತ್ತು.

"ಅಯ್ಯೋ ಮೇಷ್ಟ್ರೇ, ಇದ್ಕೆ ನಮ್ ಆರುಮುಗಂ ತಾತ ಅವ್ನಲ್ವಾ!" ಎಂದಳು ಚಿಕ್ಕವೆಂಕಟಮ್ಮ. "ಆಪೀಸರ್‌ಗಳ ಕ್ಲಬ್ಬಿಗೆ ಶನಿವಾರ ಶನಿವಾರ ಇದ್ನ ತಕಂಡು ಓಗ್ತಿದ್ದ. ನಾವು ಗೇಟತ್ರಾನೇ ನಿಂತು ನೋಡ್ತಿದ್ವಿ. ಒಳಕ್ ನಮ್ಮನ್ಯಾರು ಬಿಡ್ತಿದ್ರು? ಅವ್ನು ಒಳಕ್ ಓದ ಗಳಿಗೇಗೆ ದುಂ ದುಂ ಅಂತಿತ್ತು."

ಎಪ್ಪತ್ತೆಂಟರ ಆರುಮುಗಂನನ್ನು ಕರೆತಂದರು. ವಾದ್ಯ ನೋಡಿದ್ದೇ ಅವನ ಕಣ್ಣು ತುಂಬಿತು. "ಕಲಿಸ್ತೀರಾ ತಾತ?" ಎಂದು ಮುನಿರಾಜು ಕೇಳಿದ. ಆರುಮುಗಂ ಸುತ್ತ ಸೇರಿದ್ದ ಲೈನನ್ನು ನೋಡಿದ, ಪುಷ್ಪ ತಂದ ಕಾಫಿಯನ್ನು ನೋಡಿದ, ಕೆಮ್ಮಿದ.

"ಮೊದ್ಲು ಚಪ್ಪಲಿ ಬಿಡು ತಂಬಿ. ಕಾಲು ಅಗಲ ಮಾಡು. ಇದ್ನ ನೀನು ಇಡ್ಕೋಬ್ಯಾಡ, ಅದೇ ನಿನ್ ಮ್ಯಾಲೆ ಒರಗ್ಲಿ. ಭಾರ ಸೊಂಟಕ್ಕೆ. ಭುಜ ಇಳ್ಸು. ಕುತ್ಗೆ ಇಸುಕ್ಬ್ಯಾಡ, ಕೋಳಿ ಅಲ್ಲ ಅದು."

ಹತ್ತು ಗಂಟೆಯಾದರೂ ಪಾಠ ವಾದ್ಯ ಹಿಡಿದು ನಿಲ್ಲುವ ಬಗೆಯಲ್ಲೇ ನಿಂತಿತ್ತು. ಮುನಿರಾಜು ಅಂಗಳದಲ್ಲಿ ವಾದ್ಯದೊಡನೆ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ನಡೆದ.

"ಕಮಾನು ಯಾವಾಗ ತಾತ?"

"ಅವ್ಸರ ಬ್ಯಾಡ. ಇದ್ರ ಭಾರ ನಿಂಗೆ ಒಗ್ಲಿ. ಮಿಕ್ಕಿದ್ದು ತಾನಾಗೇ ಬತ್ತದೆ."

ಲೈನೆಲ್ಲ ತಲೆದೂಗಿತು. ದೊಡ್ಡ ವಿದ್ವಾಂಸರ ಪಾಠ ಹೀಗೇ ಇರಬೇಕೆಂದು ಮುನಿರಾಜುವೂ ನಂಬಿದ. ಅತ್ತ ಚಿಕ್ಕವೆಂಕಟಮ್ಮ ಸುಮ್ಮನೆ ಕೂರಲಾರದೆ ಕಮಾನನ್ನು ಎತ್ತಿಕೊಂಡು ನೋಡಿದಳು. ಅದಕ್ಕೆ ಬಿಗಿದ ಕುದುರೆಯ ಕೂದಲು ಒಣಗಿ ಅಂಟಂಟಾಗಿದೆ ಎನ್ನಿಸಿತು. ಕೊಬ್ಬರಿ ಎಣ್ಣೆ ಹಚ್ಚಿ, ನಯವಾಗಿ ನೀವಿ, ಜಾಗಕ್ಕೆ ಇಟ್ಟಳು.

ಮಧ್ಯಾಹ್ನದ ರೈಲಿಗೆ ಆರುಮುಗಂ ಸ್ಟೇಷನ್ನಿನವರೆಗೂ ಬಂದ. "ಕುತ್ಗೆ ಮೊದ್ಲು ಒಳಕ್ಕೆ. ಒಟ್ಟೆ ನಿನ್ ಎದೆ ಕಡೆ" ಎನ್ನುತ್ತ ಬಾಗಿಲಲ್ಲಿ ವಾದ್ಯವನ್ನು ಹೂವಿನಂತೆ ತೂರಿಸಿದ. "ನೀವೂ ಬನ್ನಿ ತಾತ" ಎಂದರೆ ಮಂಡಿನೋವೆಂದು ಬೇಗನೆ ಹಿಂತಿರುಗಿದ. ಬಂಗಾರಪೇಟೆಯಲ್ಲಿ ಇಬ್ಬರು ಆಟೋದವರು ಹತ್ತಿಸಿಕೊಳ್ಳಲಿಲ್ಲ. ಮುನಿರಾಜು ಹೊತ್ತುಕೊಂಡೇ ಶಾಲೆಗೆ ನಡೆದ. ಬೆಳಗಿನ ಪಾಠದಿಂದ ಅದೇನೂ ಅಂಥ ಕಷ್ಟವಾಗಲಿಲ್ಲ.

ನಾಲ್ಕಕ್ಕೆ ಸಭಾಂಗಣ ತುಂಬಿತು. ಮುನಿರಾಜು ಬೂಟು ಬಿಚ್ಚಿದ, ಕಾಲು ಅಗಲಿಸಿದ, ಭುಜ ಇಳಿಸಿದ. ವಾದ್ಯ ಅವನಿಗೆ ಮಗುವಿನಂತೆ ಒರಗಿತು. ಮುಂದಿನ ಸಾಲಿನ ವೃದ್ಧೆ ಕಣ್ಣೊರೆಸಿಕೊಂಡರು. ಅವನು ಕಮಾನು ಎಳೆದ. ಎಣ್ಣೆ ಕುಡಿದ ಕಮಾನು ತಂತಿಯ ಮೇಲೆ ಜಾರುತ್ತ ಹೋಯಿತು, ಜಾರುತ್ತ ಬಂತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಕವಿತ ಮೇಡಂ ಮುಖ ಕೆಂಪಾಯಿತು. ಮುನಿರಾಜುವಿಗೆ ಅಳು ಬರುವಂತಾಯಿತು.

"ಇರಲಿ, ಇರಲಿ" ಎಂದು ವೃದ್ಧೆ ಎದ್ದು ಬಂದರು. "ಇದನ್ನ ಹೀಗೆ ಹಿಡಿಯೋದು ನಿಮಗೆ ಯಾರು ಕಲಿಸಿದ್ದು?"

"ಆರುಮುಗಂ ತಾತ. ಕ್ಲಬ್ಬಿನಲ್ಲಿ ನುಡಿಸ್ತಿದ್ದರಲ್ಲ, ಅವರು."

ಆಕೆ ಬಿದ್ದು ಬಿದ್ದು ನಕ್ಕರು. "ನುಡಿಸ್ತಿದ್ದದ್ದು ನಮ್ಮ ಡ್ಯಾಡಿ! ಆರುಮುಗಂ ನಮ್ಮ ಮನೆಯಿಂದ ಕ್ಲಬ್ಬಿಗೆ ಹೊತ್ತುಕೊಂಡು ಬರ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಗೀರು ಬೀಳಿಸಲಿಲ್ಲ ಪುಣ್ಯಾತ್ಮ." ಆಮೇಲೆ ಕವಿತ ಮೇಡಂ ಕಡೆ ತಿರುಗಿದರು. "ಕಲಿಸೋಕೆ ಬೆಂಗಳೂರಿಂದ ನಾನೇ ಒಬ್ಬರನ್ನ ಕಳಿಸ್ತೀನಿ. ಆದರೆ ಈ ಹುಡುಗನನ್ನ ಬಿಡಬೇಡಿ. ಇಂಥ ಕೈ ಸಿಗಲ್ಲ."

ಕವಿತ ಮೇಡಂ ಅಲ್ಲೇ ಆದೇಶ ಬರೆಸಿದರು. ಕೆಲಸ ಖಾಯಂ. ಶಾಲೆಯಲ್ಲಿ ಗೆದ್ದಲ ಕಾಟ, ಆದ್ದರಿಂದ ವಾದ್ಯ ಮುನಿರಾಜುವಿನ ಮನೆಯಲ್ಲೇ ಇರತಕ್ಕದ್ದು. ದಿನಾ ತರತಕ್ಕದ್ದು, ದಿನಾ ಒಯ್ಯತಕ್ಕದ್ದು. ಸಂಗೀತದ ತರಗತಿ ಹೊಸ ಮೇಷ್ಟ್ರಿಗೆ.

ಸಂಜೆ ಲೈನಿನ ತಿರುವಿನಲ್ಲಿ ಮುನಿರಾಜು ಕಾಣಿಸಿದ್ದೇ ತಡ, ಪುಷ್ಪ ಓಡಿ ಬಂದಳು. "ಖಾಯಂ ಆಯ್ತಾ ರೀ?"

"ಆಯ್ತು."

ಚಿಕ್ಕವೆಂಕಟಮ್ಮ ಚಪ್ಪಾಳೆ ತಟ್ಟಿದಳು, ಲೈನೆಲ್ಲ ತಟ್ಟಿತು. ಆರುಮುಗಂ ಒಬ್ಬನೇ ತಟ್ಟಲಿಲ್ಲ. ಮುನಿರಾಜುವಿನ ಮುಖವನ್ನೇ ನೋಡುತ್ತಿದ್ದು, ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಯಾವ್ ಭುಜ ನೋಯ್ತದೆ ತಂಬಿ?"

"ಎಡಗಡೆ ತಾತ."

"ನಾಳಿಂದ ಬಲಕ್ಕೂ ಆಕ್ಕೋ. ಒಂದೇ ಭುಜ ಆದ್ರೆ ರಿಟೈರ್ ಆಗೋಗಂಟ ತಡೆಯಾಕಿಲ್ಲ."