ಶೋಭಾಳ ಹಣೆಯ ಮೂರು ಗೆರೆ

ಸೋಮಶೇಖರನಿಗೆ ಈ ಲೋಕದಲ್ಲಿ ತಪ್ಪಿಲ್ಲದೆ ಓದಲು ಬರುತ್ತಿದ್ದುದು ಎರಡೇ ಎರಡು. ಒಂದು, ಹಿಡಕಲ್ ಡ್ಯಾಮಿನ ಗೋಡೆಯ ಮೇಲೆ ಬಣ್ಣದಲ್ಲಿ ಗೀಟು ಹಾಕಿದ ನೀರಿನ ಮಟ್ಟದ ಪಟ್ಟಿ. ಇನ್ನೊಂದು, ಧರ್ಮಪತ್ನಿ ಶೋಭಾಳ ಹಣೆ. ಮೊದಲನೆಯದನ್ನು ಓದಿದ್ದಕ್ಕೆ ಪಗಾರ ಬರುತ್ತಿತ್ತು. ಎರಡನೆಯದನ್ನು ಓದದಿದ್ದರೆ ಏನು ಬರುತ್ತದೆಂದು ಲಗ್ನವಾದ ಮೊದಲ ವರ್ಷವೇ ಕಂಡುಕೊಂಡಿದ್ದ. ಆಮೇಲೆ ಆ ಪ್ರಯೋಗಕ್ಕೆ ಕೈ ಹಾಕಿರಲಿಲ್ಲ.

ಶೋಭಾಳ ಹಣೆಯ ಮೇಲೆ ಅಡ್ಡಡ್ಡ ಮೂರು ಗೆರೆ. ಒಂದು ಗೆರೆ ಎದ್ದರೆ ಸೋಮಶೇಖರ ಮಾತು ಕಡಿಮೆ ಮಾಡುತ್ತಿದ್ದ. ಎರಡು ಎದ್ದರೆ ಪೇಪರು ಮಡಚಿಟ್ಟು, ಯಾರೂ ಹೇಳದಿದ್ದರೂ ಹಿತ್ತಿಲಿನ ಕೊಡಗಳಿಗೆ ನೀರು ತುಂಬುತ್ತಿದ್ದ. ಮೂರೂ ಎದ್ದವೆಂದರೆ ತಗ್ಗು ಪ್ರದೇಶದ ಜನ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು. (ತಗ್ಗು ಪ್ರದೇಶದ ಜನ ಎಂದರೆ ಅವನೊಬ್ಬನೇ; ಸುರಕ್ಷಿತ ಸ್ಥಳವೆಂದರೆ ಡ್ಯಾಮಿನ ಕಟ್ಟೆ.) ಇಪ್ಪತ್ತಾರು ವರ್ಷದ ಸಂಸಾರ ಈ ಪಟ್ಟಿಯ ಆಧಾರದ ಮೇಲೆ ಸುಸೂತ್ರವಾಗಿ ನಡೆದಿತ್ತು. ಗಂಡ ಹೆಂಡತಿ ಮಾತಾಡಿಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ.

ಎಲ್ಲ ಕೆಟ್ಟದ್ದು ಒಂದು ವಿಡಿಯೋದಿಂದ. ತುಕ್ಕಾನಟ್ಟಿಯಲ್ಲಿ ಶೋಭಾಳ ಅಣ್ಣ ಮುರಿಗೆಪ್ಪನ ಮಗಳ ನಿಶ್ಚಯವಾಗಿತ್ತು. ಅದರ ವಿಡಿಯೋ ಮೊಬೈಲಿಗೆ ಬಂತು. ಶೋಭಾ ಎರಡು ಬೆರಳಿನಿಂದ ತನ್ನ ಮುಖಾರವಿಂದವನ್ನು ಅಗಲ ಮಾಡಿ ನೋಡಿದಳು. ಇನ್ನೂ ಅಗಲ ಮಾಡಿದಳು.

"ಏನ್ರಿ, ಇದು ನನ್ನ ಹಣಿನೋ, ಕಾಲುವಿ ನಕಾಶೆನೋ?"

ಸೋಮಶೇಖರ ಪೇಪರು ಮಡಚಿಟ್ಟ. ಎರಡು ಗೆರೆ ಎದ್ದಿದ್ದವು.

"ಲಗ್ನ ಇನ್ನ ಐದು ವಾರ ಐತಿ. ಗೋಕಾಕದಾಗ ಡಾಕ್ಟರ್ ಸಾಹಿರಾ ಅಂತ ಬರ್ತಾರಂತ, ಹದಿನೈದು ದಿನಕ್ಕೊಮ್ಮೆ, ರವಿವಾರ. ಸೂಜಿ ಚುಚ್ಚಿ ಗೆರಿ ತಗೀತಾರಂತ. ನೀವು ಬ್ಯಾಡ ಅಂತೀರಿ, ನನಗ ಗೊತ್ತೈತಿ."

ಬ್ಯಾಡ ಅನ್ನುವುದೆಲ್ಲಿ ಬಂತು! ಸೋಮಶೇಖರನ ತಲೆಯೊಳಗೆ ಆ ಕ್ಷಣ ಒಂದು ಮಹಾವಿಚಾರ ಉದಯಿಸಿತ್ತು. ಗೆರೆ ಎದ್ದಾಗಲೆಲ್ಲ ಸಿಟ್ಟು ಬರುತ್ತದೆ. ಹಾಗಾದರೆ ಗೆರೆಯೇ ಇಲ್ಲದಿದ್ದರೆ? ಲಗ್ನವಾದ ಮೇಲೆ ಮೊದಲ ಸಲ ಅವನು ಹೆಂಡತಿಯ ಖರ್ಚಿನ ಮಾತಿಗೆ, "ನಾಳೆನ ಹೋಗೂನು" ಅಂದುಬಿಟ್ಟ. (ನಾಳೆ ರವಿವಾರವಲ್ಲ, ಬುಧವಾರ.) ಶೋಭಾಳಿಗೆ ಗಂಡನಿಗೆ ಜ್ವರ ಬಂದಿರಬೇಕು ಅನ್ನಿಸಿತು.

ಈ ವಿಚಾರವನ್ನು ಡ್ಯಾಮಿನ ಗೇಟು ಎತ್ತಿ ಇಳಿಸುವ ನಬಿಲಾಲನ ಮುಂದೆ ಹೇಳಿದಾಗ ಅವನು ಬೀಡಿ ಆರಿಸಿ ಕೇಳಿದ, "ಸೋಮಣ್ಣಾರ, ಗೋಡಿ ಮ್ಯಾಲಿನ ಪಟ್ಟಿ ಒರಿಸಿದ್ರ ನೀರ ಇಳೀತಾವೇನ್ರಿ?"

"ನಿನಗ ತಿಳಿಯೂದಿಲ್ಲ. ಇದು ವೈದ್ಯಕೀಯ" ಎಂದ ಸೋಮಶೇಖರ.

ಡಾಕ್ಟರ್ ಸಾಹಿರಾ ಮೂವತ್ತರ ಆಚೀಚೆಯ ಹೆಣ್ಣುಮಗಳು, ಮಾತು ಕತ್ತರಿಸಿದ ಹಾಗೆ. ಶೋಭಾಳಿಗೆ ಹುಬ್ಬು ಎತ್ತಿಸಿ, ಇಳಿಸಿ, ಪೆನ್ನಿನಿಂದ ಗುರುತು ಹಾಕಿ, ಸಣ್ಣ ಸೂಜಿಯಿಂದ ಹತ್ತಾರು ಕಡೆ ಚುಚ್ಚಿದಳು. ಶೋಭಾ ಹಲ್ಲು ಕಚ್ಚಿ ಕೂತಿದ್ದಳು. "ಅಯ್ಯೋ" ಅಂದವನು ಸೋಮಶೇಖರ.

"ಬೆಸ್ಟ್ ರಿಸಲ್ಟ್ ಬೇಕಂದ್ರ ಸೂಜಿ ನನ್ನ ಕೆಲಸ, ಮುಂದಿಂದು ನಿಮ್ಮ ಕೆಲಸ. ನಾಕು ತಾಸು ಮಕ್ಕೋಬಾರದು, ತಲಿ ಕೆಳಗ ಬಗ್ಗಸಬಾರದು. ಇವತ್ತು ಹಣಿ ಮುಟ್ಟಬಾರದು, ತಿಕ್ಕಬಾರದು, ಬಿಸಿನೀರು ಹುಯ್ಕೋಬಾರದು. ನಾಕೈದು ದಿನಕ್ಕ ಗೆರಿ ಸಡಲಾಗ್ತಾವ, ಎರಡು ವಾರಕ್ಕ ಪೂರಾ ಗೊತ್ತಾಗತೈತಿ. ಆವಾಗ ಬಂದು ತೋರ್ಸಿ ಹೋಗ್ರಿ. ಮೂರು-ನಾಕು ತಿಂಗಳು ಇರತೈತಿ."

"ಸಿಟ್ಟ ಪೂರಾ ಹೋಗತೈತೇನ್ರಿ?" ಸೋಮಶೇಖರ ದನಿ ತಗ್ಗಿಸಿ ಕೇಳಿದ.

"ಗೆರಿ ಹೋಗ್ತಾವ್ರಿ. ಸಿಟ್ಟಿನ ಡಾಕ್ಟರ್ ನಾನಲ್ಲ."

ಮೊದಲ ಎರಡು ಶಬ್ದ ಮಾತ್ರ ಅವನ ಕಿವಿಗೆ ಬಿದ್ದವು. ಜೇಬಿನ ಪುಸ್ತಕ ತೆಗೆದು ಬರೆದುಕೊಂಡ: ಹನ್ನೊಂದು ನಲವತ್ತು. ಮೂರು ನಲವತ್ತರವರೆಗೆ ಈ ತಲೆ ಬಾಗಕೂಡದು. ಸರಕಾರಿ ನೌಕರನ ಕೈಗೆ ಒಂದು ನಿಯಮ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಅಂದು ಗೋಕಾಕದ ಬಸ್ ಸ್ಟ್ಯಾಂಡ್ ನೋಡಿತು. ಶೋಭಾಳ ಚಪ್ಪಲಿಯ ಉಂಗುಟ ಜಾರಿದರೆ ಅವನೇ ಕುಕ್ಕರಗಾಲಲ್ಲಿ ಕೂತು ಏರಿಸಿದ. ಬಸ್ಸಿನಲ್ಲಿ ಅವಳಿಗೆ ತೂಕಡಿಕೆ ಬಂದಾಗ ಗದ್ದದ ಕೆಳಗೆ ತನ್ನ ಅಂಗೈ ಕೊಟ್ಟು ಹಿಡಿದ. ಪಕ್ಕದ ಸೀಟಿನ ಮುದುಕಿ, "ಹಿಂತಾ ಗಂಡ ಎಲ್ಲಿ ಸಿಗಬೇಕ ತಂಗಿ" ಎಂದು ಕಣ್ಣು ಒರೆಸಿಕೊಂಡಳು.

ಘಟಪ್ರಭಾದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ, ತನ್ನೂರು ದಡ್ಡಿಯ ಬಸ್ಸಿಗೆ ಕಾಯುತ್ತ, ಸಂಚಿಯೊಳಗಿನ ಎಲೆಯಡಿಕೆ ಮೆಲ್ಲುತ್ತ ಕೂತಿದ್ದವಳು ಸೋಮಶೇಖರನ ಹಿರಿಯ ಅಕ್ಕ ಯಮನವ್ವ.

ಗಂಡನ ಹಿರಿಯಕ್ಕ ಕಂಡರೆ ಶೋಭಾ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಇಪ್ಪತ್ತಾರು ವರ್ಷ ಮಾಡಿದ್ದಾಳೆ. ಯಮನವ್ವನೂ ರೂಢಿಯಂತೆ ಅನುಕೂಲವಾಗಲೆಂದು ಬಲಗಾಲು ಸ್ವಲ್ಪ ಮುಂದೆ ಚಾಚಿದಳು. ಶೋಭಾ ಬಾಗಲು ಹೋದಳು.

"ಬಗ್ಗಬ್ಯಾಡ!" ಸೋಮಶೇಖರ ಹೆಂಡತಿಯ ರೆಟ್ಟೆ ಹಿಡಿದು ಮೇಲಕ್ಕೆಳೆದ.

ಚಾಚಿದ ಕಾಲು ಚಾಚಿಯೇ ಉಳಿಯಿತು. ಯಮನವ್ವ ಒಮ್ಮೆ ಕಾಲು ನೋಡಿಕೊಂಡಳು, ಒಮ್ಮೆ ತಮ್ಮನನ್ನು ನೋಡಿದಳು. "ಯಾಕೋ ಸೋಮು? ನಾ ಏನ ಮಾಡೇನಿ?"

"ಅಕ್ಕಾ... ಅಕಿಗೆ ಕುತ್ತಿಗಿ ಹಿಡದೈತಿ. ಗೋಕಾಕಕ್ಕ ತೋರ್ಸಾಕ ಹೋಗಿದ್ವಿ."

ಆ ಸುಳ್ಳು ಹೇಳುವ ಹೊತ್ತಿಗೆ ಅವನಿಗೆ ಬಹಳ ಹೆಮ್ಮೆಯಾಗಿತ್ತು. ಮರುಗಳಿಗೆಯೇ ಯಮನವ್ವನ ಕಣ್ಣಲ್ಲಿ ನೀರು ಬಂತು. "ಅಯ್ಯ ನನ್ನವ್ವ, ಕುತ್ತಿಗಿನ? ಕುತ್ತಿಗಿ ಬಿಡಸಾಕ ಡಾಕ್ಟರ್ ಯಾಕ? ದಡ್ಡ್ಯಾಗ ಎಲ್ಲಾರ ಕುತ್ತಿಗಿ ಬಿಡಸಾಕಿ ನಾನ ಅಲ್ಲೇನು? ನಡೀರಿ, ನಾ ನಿಮ್ಮ ಜೋಡಿ ಬರ್ತೇನಿ." ದಡ್ಡಿಯ ಬಸ್ಸು ಬಂತು. ಅವಳಿಲ್ಲದೆ ಹೋಯಿತು.

ಹಿಡಕಲ್ಲಿನ ಕ್ವಾರ್ಟರ್ಸ್ ಮುಟ್ಟಿದಾಗ ಮೂರು ಗಂಟೆ. ಯಮನವ್ವ ಎಣ್ಣೆ ಬಿಸಿಮಾಡಿ, ಚಾಪೆ ಹಾಸಿ, "ಬೋರಲ ಮಕ್ಕೋ" ಅಂದಳು.

"ಮಕ್ಕೋಬಾರದು!" ಅಂದ ಸೋಮಶೇಖರ ಗಡಿಯಾರ ನೋಡುತ್ತ. "ಇನ್ನ ನಲವತ್ತು ನಿಮಿಷ."

ಕೂತಲ್ಲೇ ತಿಕ್ಕಾಯಿತು. ಇರದ ನೋವಿಗೆ ಯಮನವ್ವನ ಹೆಬ್ಬೆರಳು ಬಿದ್ದು, ಸರಿಯಿದ್ದ ಕುತ್ತಿಗೆಯೂ ನಿಜವಾಗಿ ಹಿಡಿಯಿತು. ಕಡೆಗೆ ಅವಳು, "ಹಣಿ ಬೋಳ ಕಾಣತೈತಿ, ಈಬತ್ತಿ ಇಲ್ಲ" ಎಂದು ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಬಂದಾಗ ಸೋಮಶೇಖರ ನಡುವೆ ನುಗ್ಗಿ ಅದನ್ನು ತನ್ನ ಹಣೆಗೆ ಹಚ್ಚಿಸಿಕೊಂಡ.

"ಕುತ್ತಿಗಿಗೂ ಹಣಿಗೂ ಏನೋ ಸಂಬಂಧ?"

"ನರ ಅಕ್ಕಾ. ಎಲ್ಲಾ ನರ ಒಂದ."

ಒಂದು ರಾತ್ರಿಗೆಂದು ಬಂದ ಯಮನವ್ವ ಉಳಿದಳು. ಒಳ್ಳೆಯ ಜೀವ, ಕೆಟ್ಟದ್ದು ಬಯಸಿದವಳಲ್ಲ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಅಗಸಿ ಚಟ್ನಿಯ ಡಬ್ಬಿ ಇದ್ದಲ್ಲಿ ಸಕ್ಕರೆ ಬಂತು, ಸಕ್ಕರೆ ಇದ್ದಲ್ಲಿ ಸೋಡಾ ಬಂತು. ಶೋಭಾಳ ರೊಟ್ಟಿ ದಪ್ಪ ಎಂದು ದಿನಾ ಹಗುರಾಗಿ ಹೇಳಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕುತ್ತಿಗೆ ತಿಕ್ಕಿದಳು.

ಐದನೇ ದಿನ ಬೆಳಿಗ್ಗೆ ಸೋಮಶೇಖರ ಚಹಾ ಕುಡಿಯುತ್ತ ತಲೆಯೆತ್ತಿದರೆ, ಹೆಂಡತಿಯ ಹಣೆ ತೊಳೆದಿಟ್ಟ ತಾಟಿನಂತೆ ನುಣ್ಣಗಿತ್ತು! ಗೆರೆ ಶೂನ್ಯ. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಪರೀಕ್ಷಿಸಿ ನೋಡೋಣವೆಂದು ಬೇಕಂತಲೇ ಚಹಾ ನೆಲಕ್ಕೆ ಚೆಲ್ಲಿದ. ಹಣೆ ಅಲುಗಲಿಲ್ಲ.

ಅದೇ ಹೊತ್ತಿಗೆ ಯಮನವ್ವ ಕೇಳಿದಳು, "ತಂಗಿ, ಇನ್ನೊಂದೆಂಟು ದಿನ ಇದ್ದು ಹೋಗ್ಲೇನ?"

"ಇರ್ರಿ ಅಕ್ಕಾರ, ನಿಮ್ಮ ತಮ್ಮನ ಮನಿ" ಎಂದಳು ಶೋಭಾ.

ಹಿಂದೆ ಈ ಮಾತಿನ ಜೊತೆಗೆ ಎರಡು ಗೆರೆ ಬರುತ್ತಿದ್ದವು. ಸೋಮಶೇಖರ ಆ ಎರಡು ಗೆರೆ ನೋಡಿ ಸಂಜೆಯೊಳಗೆ ಅಕ್ಕನನ್ನು ಬಸ್ಸಿಗೆ ಹತ್ತಿಸುತ್ತಿದ್ದ. ಈಗ ಬರೀ ಮಾತು ಬಂತು. ಅವನು ಮಾತನ್ನು ನಂಬಿದ. ನಂಬಿ ಹಿಗ್ಗಿದ. ಹಿಗ್ಗಿನಲ್ಲಿ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಒಗೆದ, ಉಂಡ ತಾಟಿನಲ್ಲೇ ಕೈ ತೊಳೆದ. ಹನ್ನೆರಡನೇ ದಿನಕ್ಕೆ ಹೋಳಿಗೆ ಊಟವೆಂದು ದಡ್ಡಿಯಿಂದ ಅಕ್ಕನ ಮನೆಯ ಎಂಟು ಜನರನ್ನು ಕರೆದ. ಪ್ರತಿಯೊಂದಕ್ಕೂ ಮೊದಲು ಹಣೆ ನೋಡಿದ. ಪ್ರತಿಸಲವೂ ಶೂನ್ಯ.

ಹನ್ನೆರಡನೇ ದಿನ ಎಂಟು ಜನ ಪಂಕ್ತಿಗೆ ಕೂತಿದ್ದರು. ಶೋಭಾ ಬೆಳಗಿನಿಂದ ಹೋಳಿಗೆ ಲಟ್ಟಿಸುತ್ತಿದ್ದಳು. ಸೋಮಶೇಖರ ಅಡುಗೆಮನೆಗೆ ಇಣುಕಿ, ಹಣೆ ನೋಡಿ, ಧೈರ್ಯ ತಂದುಕೊಂಡು, "ತುಪ್ಪ ಕಡಿಮಿ ಆತು ಅನ್ನಾಕತ್ತಾರ" ಎಂದ.

ಶೋಭಾ ಲಟ್ಟಣಿಗೆ ಕೆಳಗಿಟ್ಟಳು. ಪರಮಶಾಂತ ವದನದಿಂದ ಬಾಯಿ ತೆರೆದಳು. ಆಮೇಲೆ ಬಂದದ್ದಕ್ಕೆ ಡ್ಯಾಮಿನ ಹತ್ತೂ ಗೇಟು ಎತ್ತಿದ್ದರೂ ಸಾಲುತ್ತಿರಲಿಲ್ಲ. ಟವೆಲ್ಲು, ತಾಟು, ಚಟ್ನಿ ಡಬ್ಬಿ, ಕುತ್ತಿಗೆ, ಎಂಟು ಜನ, ಇಪ್ಪತ್ತಾರು ವರ್ಷ. ಮೊದಲ ಅರ್ಧ ನಿಮಿಷ ಸೋಮಶೇಖರ ನಗುತ್ತಲೇ ನಿಂತಿದ್ದ, ಚೇಷ್ಟೆಯೆಂದು ತಿಳಿದು.

"ನಗತೀರಿ? ಹನ್ನೆರಡು ದಿನ ಆತು ನಾ ಸಿಟ್ಟಿಗೆದ್ದು!"

"ಕಾಣಲಿಲ್ಲಲ್ಲ..."

"ಕಾಣದಿದ್ರ ಕೇಳಾಕ ಬಾಯಿ ಇಲ್ಲೇನ್ರಿ? ಇಪ್ಪತ್ತಾರು ವರ್ಷ ನನ್ನ ಹಣಿ ಓದೀರಿ. ಒಂದ ದಿನರ 'ಶೋಭಾ, ಏನಾಗೇತಿ' ಅಂತ ಕೇಳೀರೇನು?"

ಸೋಮಶೇಖರ ನೆನಪು ಮಾಡಿಕೊಂಡ. ಇಲ್ಲ, ಕೇಳಿರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಹೆಂಡತಿಯ ಮೇಲೆ ಮರುಕವೂ ಬಂತು; ಆದರೆ ಹೊರಗೆ ಎಂಟು ಜನ ಊಟ ನಿಲ್ಲಿಸಿದ್ದರಿಂದ ಅದನ್ನು ಹೇಳಿಕೊಳ್ಳಲು ಅನುಕೂಲವಾಗಲಿಲ್ಲ. ಬಾಗಿಲಲ್ಲಿ ನಿಂತ ಯಮನವ್ವನ ಮುಂದೆ ಸೂಜಿಯ ಸಂಗತಿಯನ್ನೆಲ್ಲ ಒಪ್ಪಿಕೊಂಡುಬಿಟ್ಟ.

ಯಮನವ್ವ ಶೋಭಾಳ ಹತ್ತಿರ ಬಂದು ಮುಖವನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ಹಣೆ ನೋಡಿದಳು. ಇನ್ನು ರಾಮಾಯಣವೇ ಎಂದುಕೊಂಡ ಸೋಮಶೇಖರ.

"ತಂಗಿ, ಇಷ್ಟ ದಿನ ನಿನ್ನ ಸುಳ್ಳ ಸುಳ್ಳ ತಿಕ್ಕಿದ್ನಲ್ಲ, ಒಂದ ಮಾತ ಹೇಳಬಾರದೇನವಾ?" ಎಂದಳು ಯಮನವ್ವ. ಆಮೇಲೆ ದನಿ ತಗ್ಗಿಸಿ, "ಅದು ಇರ್ಲಿ. ಆ ಡಾಕ್ಟರ್ ನನಗೂ ಮಾಡ್ತಾಳೇನ?"

ಆ ರವಿವಾರ ತೋರಿಸಲು ಗೋಕಾಕಕ್ಕೆ ಮೂವರೂ ಹೋದರು. ಯಮನವ್ವನಿಗೆ ಡಾಕ್ಟರ್, "ನಿಮ್ಮವು ನಕ್ಕು ನಕ್ಕು ಬಿದ್ದ ಗೆರಿ, ತಗಿಯೂದು ಬ್ಯಾಡ್ರಿ" ಅಂದಳು. ಆ ಮಾತನ್ನು ದಡ್ಡಿಯ ತುಂಬ ಹೇಳಲಿಕ್ಕೆಂದೇ ಯಮನವ್ವ ಅಂದೇ ಬಸ್ಸು ಹತ್ತಿದಳು. ಲಗ್ನದಲ್ಲಿ ಮುರಿಗೆಪ್ಪನ ಬೀಗರು ಸೋಮಶೇಖರನನ್ನು ಬದಿಗೆ ಕರೆದು, "ನಿಮ್ಮ ಹಿರೇಮಗಳೇನ್ರಿ?" ಎಂದು ಶೋಭಾಳನ್ನು ತೋರಿಸಿದರು. ಶೋಭಾ ಆ ದಿನ ನೆಲದ ಮೇಲೆ ನಡೆಯಲಿಲ್ಲ.

ನಡೆದವನು ಸೋಮಶೇಖರ. ಪಟ್ಟಿ ಇಲ್ಲದ ಮೇಲೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ಹೇಳುವವರು ಯಾರು? ಸದಾ ಅಪಾಯದ ಮಟ್ಟವೆಂದೇ ತಿಳಿದು ಇರುವುದು ಕ್ಷೇಮ ಎಂದುಕೊಂಡ. ಕೊಡ ತುಂಬಿದ, ಟವೆಲ್ಲು ಹಿಂಡಿ ಹಾಕಿದ, ತಾಟು ತೊಳೆದ, ರೊಟ್ಟಿ ತೆಳ್ಳಗಿವೆ ಎಂದು ಹೊಗಳಿದ. ಅದರ ಮೇಲೆ ತಾಸಿಗೊಮ್ಮೆ, "ಶೋಭಾ, ಏನಾಗೇತಿ?" ಎಂದು ಕೇಳಿದ.

"ಏನೂ ಆಗಿಲ್ರಿ" ಎನ್ನುತ್ತಿದ್ದಳು ಶೋಭಾ, ನುಣ್ಣನೆಯ ಹಣೆಯಿಂದ. ಅದು ಖರೆಯೋ ಸುಳ್ಳೋ ತಿಳಿಯದೆ ಅವನು ಒಂದು ಕೊಡ ಹೆಚ್ಚಿಗೆ ತುಂಬುತ್ತಿದ್ದ.

ನಬಿಲಾಲ ಡ್ಯಾಮಿನ ಮೇಲೆ ದಿನಾ ಕೇಳುತ್ತಿದ್ದ, "ಮಟ್ಟ ಎಷ್ಟೈತ್ರಿ?" ಸೋಮಶೇಖರ ಗೋಡೆಯದನ್ನು ಹೇಳುತ್ತಿದ್ದ. "ಅದಲ್ರಿ, ಮನಿಂದು" ಎನ್ನುತ್ತಿದ್ದ ನಬಿಲಾಲ.

ಸೋಮಶೇಖರನಿಗೆ ಉಳಿದದ್ದು ಒಂದೇ ಆಸೆ: ಮೂರು-ನಾಲ್ಕು ತಿಂಗಳು ಎಂದಿದ್ದರಲ್ಲ ಡಾಕ್ಟರ್. ಅವನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹೊಡೆಯುತ್ತ ಹೋದ. ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ, ಅಡುಗೆಮನೆಯ ಕಿಟಕಿಯ ಬಿಸಿಲಲ್ಲಿ, ಶೋಭಾ ಹಾಲಿನವನಿಗೆ ಏನೋ ಬಯ್ಯುತ್ತಿದ್ದಾಗ, ಅವಳ ಹಣೆಯ ಮೇಲೆ ದಾರದಷ್ಟು ಸಣ್ಣಗೆ ಒಂದು ಗೆರೆ ಎದ್ದಿತು.

"ಬಂತು!" ಸೋಮಶೇಖರ ಎರಡೂ ಕೈ ಮೇಲೆತ್ತಿ ಕೂಗಿದ. "ಶೋಭಾ, ಬಂತು! ಗೆರಿ ಬಂತು!"

ಶೋಭಾ ಕನ್ನಡಿ ತೆಗೆದುಕೊಂಡು ಬೆಳಕಿಗೆ ಬಂದು ನೋಡಿದಳು. "ಹೌದಲ್ರಿ. ಛಲೋ ಆತು ನೀವು ನೋಡಿದ್ದು. ಈ ರವಿವಾರ ಡಾಕ್ಟರ್ ಬರ್ತಾರ, ನಡೀರಿ."

ಸೋಮಶೇಖರನ ಎತ್ತಿದ ಕೈ ಹಾಗೆಯೇ ನಿಂತವು. "ಮತ್ತ ಯಾಕ? ಲಗ್ನ ಮುಗೀತಲ್ಲ?"

"ಲಗ್ನಕ್ಕಲ್ರಿ. ಗೆರಿ ಹೋದಾಗಿಂದ ನೀವು ಎಷ್ಟ ಶಾಣ್ಯಾ ಆಗೀರಿ! ಕೊಡ ತುಂಬತೀರಿ, ತಾಟ ತೊಳೀತೀರಿ, ಬಾಯಿ ತುಂಬ ಮಾತಾಡಸ್ತೀರಿ. ಹಿಂತಾ ರಿಸಲ್ಟ್ ಬಂದೈತಿ, ಬಿಡಾಕ ಬರತೈತೇನು?"

ರವಿವಾರ ಡಾಕ್ಟರ್ ಸಾಹಿರಾ ಶೋಭಾಳ ಹಣೆಗೆ ಸೂಜಿ ಮುಗಿಸಿ, ಕೈ ತೊಳೆದು, ಸ್ಟೂಲಿನ ಮೇಲೆ ಕೂತ ಸೋಮಶೇಖರನನ್ನು ನೋಡಿದಳು. ಹತ್ತಿರ ಬಂದು ದೀಪ ತಿರುಗಿಸಿ ಮತ್ತೆ ನೋಡಿದಳು.

"ಕಾಕಾ, ಹೋದ ಸಲ ನಿಮ್ಮ ಹಣಿ ಸಾಫ್ ಇತ್ತಲ್ರಿ. ಈಗ ಮೂರು ಗೆರಿ ಬಿದ್ದಾವು. ಭಾಳ ವಿಚಾರ ಮಾಡ್ತೀರೇನು? ನಿಮಗೂ ನಾಕು ಸೂಜಿ ಹಾಕ್ಲೇನು?"

ಸೋಮಶೇಖರನ ಮುಖ ಅರಳಿತು. ತನ್ನ ಹಣೆಯೂ ನುಣ್ಣಗಾದರೆ ತನ್ನೊಳಗೇನಿದೆಯೆಂದು ಇವಳಿಗೂ ತಿಳಿಯದು! ಅವನು ಸ್ಟೂಲನ್ನು ಮುಂದೆ ಎಳೆದುಕೊಂಡು ಹಣೆ ಒಡ್ಡಿದ.

"ಬ್ಯಾಡ್ರಿ ಡಾಕ್ಟರ" ಎಂದಳು ಶೋಭಾ, ತಲೆ ಬಗ್ಗಿಸದೆ, ಕುರ್ಚಿಯಿಂದಲೇ. "ಅವು ಇರ್ಲಿ. ಮನ್ಯಾಗ ಒಬ್ಬರದರ ಹಣಿ ಓದಾಕ ಬರಬೇಕಲ್ರಿ."

ಸೋಮಶೇಖರ ಏನೋ ಹೇಳಲು ಬಾಯಿ ತೆರೆದ. ಶೋಭಾ ಅವನ ಹಣೆಯನ್ನು ಒಮ್ಮೆ ನೋಡಿ, ಡಾಕ್ಟರಿಗೆ ತೋರಿಸಿದಳು.

"ನೋಡ್ರಿ, ಮೂರೂ ಎದ್ದಾವು. ಹೊರಗ ಹೋಗಿ ಒಂದ ಕಪ್ ಚಾ ಕುಡಿಸಿದ್ರ ಇಳೀತಾವು."